ಕೊಂಡ ಆಟ ಯಾರದು?

2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಕಂಪನಿಯು ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು ನಿಲ್ಲಿಸಿತು. 2014ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿದ್ದ ಈ ಆಟದಲ್ಲಿ ಅಮೆರಿಕ ದೇಶವನ್ನೇ ಕುಗ್ಗಿಸಿ ಒಂದು ನಕ್ಷೆಯೊಳಗೆ ಕೂರಿಸಲಾಗಿತ್ತು. ಪೂರ್ವ ಕರಾವಳಿಯಿಂದ ಹೊರಟು ಪಶ್ಚಿಮ ಕರಾವಳಿಯವರೆಗೆ ನಡುವೆ ಎಲ್ಲಿಯೂ ತಡೆಯಿಲ್ಲದೆ ಗಾಡಿ ಓಡಿಸಬಹುದಿತ್ತು. ಒಬ್ಬರೇ ಕುಳಿತು ಆಡಿ ಮುಗಿಸುವ ಕಥೆಯ ಭಾಗವೂ ಅದರಲ್ಲಿತ್ತು. ಆದರೆ ಕಂಪನಿಯ ಸರ್ವರ್ ಸಿಗದೆ ಆ ಭಾಗವೂ ತೆರೆದುಕೊಳ್ಳುತ್ತಿರಲಿಲ್ಲವಾದ್ದರಿಂದ, ಸರ್ವರ್ ನಿಂತ ದಿನವೇ ಇಡೀ ಆಟ ಸತ್ತಿತು. ಡಿಸ್ಕ್ ಕೊಂಡವರ ಬಳಿ ಡಿಸ್ಕ್ ಉಳಿಯಿತು, ಅಷ್ಟೆ. ಮುಂದಿನ ಕೆಲವೇ ದಿನಗಳಲ್ಲಿ ಅನೇಕರ ಖಾತೆಗಳಿಂದ ಆ ಆಟದ ಪರವಾನಗಿಯನ್ನೇ ಕಂಪನಿ ಹಿಂದಕ್ಕೆ ತೆಗೆದುಕೊಂಡಿತು.

ವಿಡಿಯೋ ಗೇಮ್ ಉದ್ಯಮದ ಬಗ್ಗೆ ಆಟಗಾರರು ದೂರುವುದು ಹೊಸದೇನಲ್ಲ. ಬೆಲೆ ಹೆಚ್ಚಾಯಿತು, ಅರೆಬೆಂದ ಆಟ ಬಿಡುಗಡೆ ಮಾಡಿದರು, ಹಣ ಕೊಟ್ಟ ಮೇಲೂ ಮತ್ತೆ ಹಣ ಕೇಳುತ್ತಾರೆ ಎಂಬ ಮಾತುಗಳನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇವೆ. ಈ ದೂರುಗಳಲ್ಲಿ ಹಲವು ನ್ಯಾಯವಾದವೇ. ಆದರೂ ನನ್ನ ಮಟ್ಟಿಗೆ ಇವೆಲ್ಲದರ ಬುಡದಲ್ಲಿರುವುದು ಒಂದೇ ಸಂಗತಿ: ಆಟವನ್ನು ಮಾರಿದ ಮೇಲೂ ಅದರ ಬೀಗದ ಕೈಯನ್ನು ಮಾರಿದವರೇ ಇಟ್ಟುಕೊಳ್ಳುವುದು. ಉಳಿದ ಬಹುಪಾಲು ಕಾಟಗಳು ಅಲ್ಲಿಂದಲೇ ಹುಟ್ಟುತ್ತವೆ.

ಮಲೆನಾಡಿನ ಅಂಚಿನಲ್ಲಿ ಬದುಕುವವರಿಗೆ ಇದು ಸ್ವಲ್ಪ ಬೇಗನೆ ಅರ್ಥವಾಗುತ್ತದೆ. ನಾನು ಓದಿದ್ದು ಹಾಸನದಲ್ಲಿ, ಈಗ ಇರುವುದು ಚಿಕ್ಕಮಗಳೂರಿನಲ್ಲಿ, ನೆಂಟರು ಹೆಚ್ಚಾಗಿ ಮೂಡಿಗೆರೆ ಮತ್ತು ಸಕಲೇಶಪುರದ ಕಡೆಯವರು. ಜೂನ್ ಹಿಡಿದು ಆಗಸ್ಟ್‌ವರೆಗೆ ಆ ಕಡೆಗೆ ಹೋದರೆ ತಂತಿಯ ಮೇಲೆ ಮರ ಬೀಳುವುದು, ಕರೆಂಟು ದಿನಗಟ್ಟಲೆ ಬಾರದಿರುವುದು, ಟವರಿನ ಬ್ಯಾಟರಿ ಮುಗಿದು ಮೊಬೈಲ್ ಸಿಗ್ನಲ್ ಸಹ ಮಾಯವಾಗುವುದು ಯಾರಿಗೂ ಸುದ್ದಿಯೇ ಅಲ್ಲ. ತೋಟದ ಮನೆಯಲ್ಲಿ ಯುಪಿಎಸ್ ಇದ್ದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಆದರೆ ನೆಟ್ ನಡೆಯುವುದಿಲ್ಲ. ಹೊರಗೆ ಕಾಲಿಡಲಾಗದಂತೆ ಮಳೆ ಹೊಡೆಯುವ, ಬಿಡುವೇ ಬಿಡುವಿರುವ ಆ ಹೊತ್ತಿನಲ್ಲಿ, ಹಣ ಕೊಟ್ಟು ಕೊಂಡು ಪೂರ್ತಿಯಾಗಿ ಇಳಿಸಿಕೊಂಡು ಇಟ್ಟಿರುವ ಆಟವು ‘ಸರ್ವರ್ ಸಂಪರ್ಕ ಸಿಗುತ್ತಿಲ್ಲ’ ಎಂದು ಹೇಳಿ ಮುಚ್ಚಿಕೊಳ್ಳುತ್ತದೆ. ಸದಾ ಆನ್‌ಲೈನ್ ಇರಲೇಬೇಕೆಂಬ ನಿಯಮವನ್ನು ರೂಪಿಸಿದವರು, ನೆಟ್ ಎಂದರೆ ನಲ್ಲಿಯ ನೀರಿನಂತೆ ತಾನಾಗಿ ಬರುವ ಊರುಗಳನ್ನು ಮಾತ್ರ ಕಂಡವರಿರಬೇಕು.

ಹಾಗೆಂದು ಈ ನಿಯಮ ದೊಡ್ಡ ಊರುಗಳವರನ್ನು ಬಿಟ್ಟಿತೆಂದೂ ಅಲ್ಲ. 2012ರ ಮೇ ತಿಂಗಳಿನಲ್ಲಿ ‘ಡಯಾಬ್ಲೊ 3’ ಬಿಡುಗಡೆಯಾದ ದಿನ, ಒಬ್ಬರೇ ಆಡಬೇಕೆಂದಿದ್ದವರೂ ಸರ್ವರ್‌ನ ಬಾಗಿಲಲ್ಲಿ ನಿಂತು ‘ಎರರ್ 37’ ನೋಡಬೇಕಾಯಿತು. 2013ರ ಮಾರ್ಚ್‌ನಲ್ಲಿ ಬಂದ ‘ಸಿಮ್ ಸಿಟಿ’ಯ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ತನ್ನ ಪಾಡಿಗೆ ಒಂದು ಊರನ್ನು ಕಟ್ಟುತ್ತಾ ಕೂರುವ ಆಟವದು. ಬಿಡುಗಡೆಯ ಮೊದಲ ವಾರದಲ್ಲೇ ಸರ್ವರ್‌ಗಳು ಕುಸಿದವು. ಲೆಕ್ಕಾಚಾರದ ಗಣನೀಯ ಭಾಗವು ತಮ್ಮ ಸರ್ವರ್‌ಗಳಲ್ಲೇ ನಡೆಯುವುದರಿಂದ ಆಫ್‌ಲೈನ್ ಮಾಡುವುದು ಸುಲಭವಲ್ಲವೆಂದು ತಯಾರಕರು ವಾದಿಸಿದರು. ಆದರೆ ಸಂಪರ್ಕವಿಲ್ಲದೆಯೂ ಊರು ನಡೆಯುತ್ತದೆಂದು ಹವ್ಯಾಸಿಗಳು ಕೆಲವೇ ದಿನಗಳಲ್ಲಿ ತೋರಿಸಿಕೊಟ್ಟರು. ಒಂದು ವರ್ಷದ ಬಳಿಕ, 2014ರ ಮಾರ್ಚ್‌ನಲ್ಲಿ, ಅದೇ ಕಂಪನಿ ಆಫ್‌ಲೈನ್ ವ್ಯವಸ್ಥೆಯನ್ನು ಕೊಟ್ಟಿತು. ಆಗದೆಂದು ಹೇಳಿದ್ದು ಆಯಿತು. ಅಂದಿನಿಂದ, ತಾಂತ್ರಿಕವಾಗಿ ಅಸಾಧ್ಯವೆಂದು ಯಾವುದೇ ಕಂಪನಿ ಹೇಳಿದಾಗ ನಾನು ಅದನ್ನು ಹಾಗೆಯೇ ನಂಬಿದ್ದಿಲ್ಲ.

ಹಾಸನದಲ್ಲಿ ನಾವು ಓದುತ್ತಿದ್ದ ಕಾಲಕ್ಕೆ ಇಂಥ ಪ್ರಶ್ನೆಯೇ ಇರಲಿಲ್ಲ. ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕಕ್ಕೆ ‘ಕೌಂಟರ್ ಸ್ಟ್ರೈಕ್ 1.6’ ಆಡುತ್ತಿದ್ದೆವು, ಹೊರಗಿನ ನೆಟ್ ಕೈಕೊಟ್ಟರೂ ಒಳಗಿನ ಯಂತ್ರಗಳನ್ನು ಕೇಬಲ್ಲಿನಿಂದ ಬೆಸೆದಿದ್ದರಿಂದ ಆಟಕ್ಕೆ ಏನೂ ಆಗುತ್ತಿರಲಿಲ್ಲ. ‘ವೈಸ್ ಸಿಟಿ’ಯ ಸಿಡಿ ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತಾ ಗೀರು ಬಿದ್ದು ಸವೆಯುವವರೆಗೂ ನಡೆಯುತ್ತಿತ್ತು. ಅವುಗಳಲ್ಲಿ ಎಷ್ಟು ಅಸಲಿ, ಎಷ್ಟು ನಕಲಿ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ, ಹೆಚ್ಚಿನವು ನಕಲಿಯೇ. ಆಟಕ್ಕೆ ಹಣ ಕೊಡಬೇಕು, ಅದನ್ನು ಮಾಡಿದವರ ದುಡಿಮೆಗೆ ಬೆಲೆಯಿದೆ ಎಂಬ ಅರಿವು ನಮ್ಮ ಪೀಳಿಗೆಗೆ ಬಂದದ್ದು ಸಂಬಳ ಶುರುವಾಗಿ, ಸ್ಟೀಮ್‌ನಂತಹ, ಆಟ ಮಾರುವ ಆನ್‌ಲೈನ್ ಅಂಗಡಿಗಳು ರೂಪಾಯಿಯಲ್ಲಿ ಬೆಲೆ ತೋರಿಸಿ ಯುಪಿಐ ಒಪ್ಪಿಕೊಂಡ ಮೇಲೆ. ಹೀಗೆ ನೇರ ದಾರಿಗೆ ಬಂದವರಿಗೆ ಕಾದಿದ್ದ ವ್ಯಂಗ್ಯವೇನೆಂದರೆ, ಅಂದಿನ ನಕಲಿ ಸಿಡಿಯ ಆಟ ಹಳೆಯ ಕಂಪ್ಯೂಟರಿನಲ್ಲಿ ಇಂದಿಗೂ ಓಡುತ್ತದೆ, ಹಣ ಕೊಟ್ಟು ಕೊಂಡ ‘ದಿ ಕ್ರೂ’ ಓಡುವುದಿಲ್ಲ.

ಹಣವೂ ಸಣ್ಣದಲ್ಲ. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಅಮೆರಿಕದಲ್ಲಿ ದೊಡ್ಡ ಆಟಗಳ ಬೆಲೆ 60 ಡಾಲರಿನಿಂದ 70ಕ್ಕೆ ಏರಿತು, ನಮ್ಮಲ್ಲಿ ಅದು ₹4,999 ಆಯಿತು. ತೋಟದಲ್ಲಿ ದುಡಿಯುವ ಆಳಿಗೆ ಅದು ವಾರಗಟ್ಟಲೆಯ ಕೂಲಿ. ಬೆಲೆ ಏರಿದ್ದಕ್ಕೆ ನನ್ನ ಆಕ್ಷೇಪ ಅಷ್ಟಿಲ್ಲ, ಏಕೆಂದರೆ ಆಟ ತಯಾರಿಸುವ ಖರ್ಚು ಏರಿರುವುದು ನಿಜ. ಆದರೆ ಆ ₹4,999ಕ್ಕೆ ನನಗೆ ಸಿಗುತ್ತಿರುವುದು ಏನು?

ಈ ಸೀಮೆಯಲ್ಲಿ ಜಮೀನಿನ ವ್ಯವಹಾರ ಗೊತ್ತಿರುವ ಯಾರಿಗಾದರೂ ಕ್ರಯಕ್ಕೂ ಭೋಗ್ಯಕ್ಕೂ ಇರುವ ಅಂತರವನ್ನು ವಿವರಿಸಬೇಕಿಲ್ಲ. ಭೋಗ್ಯಕ್ಕೆ ಪಡೆದವನಿಗೆ ಅವಧಿ ಎಷ್ಟೆಂದು ಪತ್ರದಲ್ಲೇ ಬರೆದಿರುತ್ತದೆ. ಅವಧಿ ಮುಗಿದಾಗ ಕೊಟ್ಟ ಹಣ ವಾಪಸು ಬರುತ್ತದೆ, ಜಮೀನು ಬಿಟ್ಟುಕೊಡುತ್ತಾನೆ. ಕ್ರಯದ ಹಣ ಪೂರ್ತಿ ಎಣಿಸಿಕೊಂಡು, ಭೋಗ್ಯದ ಹಕ್ಕನ್ನಷ್ಟೇ ಕೊಟ್ಟು, ಅವಧಿಯನ್ನು ಮಾತ್ರ ಬರೆಯದೆ, ಬೇಕೆನಿಸಿದ ದಿನ ಬೇಲಿ ಹಾಕುವ ಹಕ್ಕನ್ನೂ ಉಳಿಸಿಕೊಳ್ಳುವ ಪತ್ರಕ್ಕೆ ಇಲ್ಲಿ ಯಾರೂ ಸಹಿ ಹಾಕುವುದಿಲ್ಲ. ಡಿಜಿಟಲ್ ಅಂಗಡಿಯಲ್ಲಿ ನಾವೆಲ್ಲ ಹಾಕುತ್ತಿರುವುದು ಅಂಥದೇ ಸಹಿ. ಒಪ್ಪಂದವನ್ನು ಯಾರೂ ಓದುವುದಿಲ್ಲ ಎಂದು ಆಟಗಾರರನ್ನೇ ಬೈಯುವವರಿದ್ದಾರೆ. ನಾನು ಒಂದೆರಡನ್ನು ಓದಿದ್ದೇನೆ. ವಕೀಲಿ ಇಂಗ್ಲಿಷಿನಲ್ಲಿ ಹತ್ತಾರು ಪುಟಗಳಿರುವ ಅವು ಎಲ್ಲಾ ಸುತ್ತು ಮುಗಿಸಿ ಬರುವುದು ಅಲ್ಲಿಗೇ: ನಾವು ಕೊಟ್ಟಿರುವುದು ಪರವಾನಗಿ, ಅದನ್ನು ನಾವು ನಿಲ್ಲಿಸಬಹುದು.

ಕ್ಯಾಲಿಫೋರ್ನಿಯಾ ರಾಜ್ಯವು 2024ರ ಸೆಪ್ಟೆಂಬರಿನಲ್ಲಿ ಇದಕ್ಕೊಂದು ಕಾನೂನು ಮಾಡಿತು. ಮಾರುತ್ತಿರುವುದು ಪರವಾನಗಿಯಷ್ಟೇ ಆಗಿದ್ದರೆ ‘ಕೊಳ್ಳಿ’ ಎಂಬ ಗುಂಡಿಯ ಬಳಿಯೇ ಅದನ್ನು ಸ್ಪಷ್ಟವಾಗಿ ಹೇಳಬೇಕು ಎಂಬುದು ಅದರ ತಿರುಳು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಶಾಶ್ವತವಾಗಿ ಆಫ್‌ಲೈನ್ ಇಳಿಸಿಕೊಂಡು ಇಟ್ಟುಕೊಳ್ಳಬಹುದಾದ ಸರಕಿಗೆ ಈ ಕಟ್ಟಳೆಯಿಲ್ಲ. ಸ್ಟೀಮ್ ಆ ದಿನಾಂಕಕ್ಕೂ ಮೊದಲೇ, ಹಣ ಪಾವತಿಸುವ ಪುಟದಲ್ಲಿ ಇಂಥದೊಂದು ಸಾಲು ಸೇರಿಸಿತು. ಪೋಲೆಂಡಿನ ಜಿಒಜಿ ಅಂಗಡಿ ತಾನು ಮಾರುವ ಆಟಗಳ ಇನ್‌ಸ್ಟಾಲರ್‌ಗಳನ್ನು, ಅಂದರೆ ಆಟವನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವ ಕಡತಗಳನ್ನು, ಗ್ರಾಹಕರಿಂದ ಯಾರೂ ಕಸಿಯಲಾಗದೆಂದು ಅದೇ ಹೊತ್ತಿನಲ್ಲಿ ಹೇಳಿಕೊಂಡಿತು. ಕಾನೂನು ಒಳ್ಳೆಯದೇ. ಆದರೂ ಅದು ಮಾಡಿದ್ದು ಸೂಚನಾಫಲಕ ನೆಟ್ಟಷ್ಟು ಕೆಲಸ ಮಾತ್ರ; ಆಟವನ್ನು ನಿಲ್ಲಿಸಬಾರದೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಬೀಗದ ಕೈ ಅವರಲ್ಲೇ ಇದ್ದರೆ ಆಟವನ್ನು ಮುಚ್ಚುವುದೊಂದೇ ಅಲ್ಲ, ನಾವು ಕೊಂಡದ್ದನ್ನು ನಮ್ಮ ಮನೆಯಲ್ಲೇ ಬದಲಾಯಿಸುವುದೂ ಸಾಧ್ಯ. ಸಂಗೀತದ ಪರವಾನಗಿ ಅವಧಿ ಮುಗಿದಾಗ ‘ಜಿಟಿಎ’ ಸರಣಿಯ ‘ಸ್ಯಾನ್ ಆಂಡ್ರಿಯಾಸ್’ ಆಟದ ಸ್ಟೀಮ್ ಆವೃತ್ತಿಯಿಂದ 2014ರಲ್ಲಿ ಹಲವು ಹಾಡುಗಳನ್ನು ತೆಗೆಯಲಾಯಿತು, 2018ರ ಏಪ್ರಿಲ್‌ನಲ್ಲಿ ‘ಜಿಟಿಎ 4’ಕ್ಕೂ ಹಾಗೆಯೇ ಆಯಿತು. ಗಾಡಿ ಓಡಿಸುತ್ತಾ ರೇಡಿಯೋ ಕೇಳುವುದೇ ಅರ್ಧ ಸುಖವಾಗಿರುವ ಆಟದಲ್ಲಿ ಇದು ಸಣ್ಣ ತಿದ್ದುಪಡಿಯಲ್ಲ. ಇನ್ನು ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ರ ಗದ್ದಲ. 2017ರ ನವೆಂಬರಿನಲ್ಲಿ, ಪೂರ್ತಿ ಬೆಲೆ ಕೊಟ್ಟು ಕೊಂಡ ಆ ಆಟದಲ್ಲಿ ಡಾರ್ತ್ ವೇಡರ್ ಪಾತ್ರವನ್ನು ತೆರೆಯಲು ಆಟದೊಳಗಿನ ನಾಣ್ಯವಾದ ಕ್ರೆಡಿಟ್ 60,000 ಬೇಕೆಂದಿತ್ತು. ಅಷ್ಟನ್ನು ಗಳಿಸಲು 40 ಗಂಟೆ ಆಡಬೇಕಾಗುತ್ತದೆಂದು ಆಟಗಾರರು ಲೆಕ್ಕ ಹಾಕಿದರು. ಜೊತೆಗೆ, ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳು. ಕಂಪನಿಯ ಸಮರ್ಥನೆಗೆ ರೆಡ್ಡಿಟ್ ಎಂಬ ಚರ್ಚಾ ಜಾಲತಾಣದಲ್ಲಿ ಆರು ಲಕ್ಷಕ್ಕೂ ಹೆಚ್ಚು ಅಸಮ್ಮತಿಯ ಮತಗಳು ಬಿದ್ದವು. ಕ್ರೆಡಿಟ್ ಮೊತ್ತ ಒಂದೇ ದಿನದಲ್ಲಿ 15,000ಕ್ಕೆ ಇಳಿಯಿತು, ಬಿಡುಗಡೆಗೆ ಕೆಲವು ಗಂಟೆಗಳ ಮುಂಚೆ ಆಟದೊಳಗೆ ಹಣ ಕೊಟ್ಟು ಕೊಳ್ಳುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಮರು ವರ್ಷ ಬೆಲ್ಜಿಯಂ ದೇಶವು ಲೂಟ್ ಬಾಕ್ಸ್‌ಗಳು ಜೂಜಿನ ವ್ಯಾಖ್ಯೆಯೊಳಗೇ ಬರುತ್ತವೆಂದಿತು. ಎಲ್ಲರೂ ಇದನ್ನು ಆಟಗಾರರ ಗೆಲುವೆಂದು ಹೇಳುತ್ತಾರೆ. 60,000ವನ್ನು 15,000 ಮಾಡಲು ಕಂಪನಿಗೆ ಒಂದು ದಿನ ಸಾಕಾಯಿತು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ 15,000ವನ್ನು 60,000 ಮಾಡಲೂ ಅಷ್ಟೇ ಸಾಕು.

ನಮ್ಮ ದೇಶದ ಉದಾಹರಣೆ ಬೇಕೆಂದರೆ ಪಬ್‌ಜಿ ಇದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ‘ಪಬ್‌ಜಿ ಮೊಬೈಲ್’ ಕೂಡ ಒಂದು. ಅಕ್ಟೋಬರ್ ಕೊನೆಗೆ ಅದರ ಸರ್ವರ್‌ಗಳೂ ಭಾರತದ ಆಟಗಾರರಿಗೆ ಸಿಗದಾದವು. ಬಟ್ಟೆ, ಬಂದೂಕಿನ ಬಣ್ಣ ಎಂದು ಪಾಕೆಟ್ ಮನಿ ಸುರಿದಿದ್ದ ಕಾಲೇಜು ಹುಡುಗರಿಗೆ ಅದೆಲ್ಲ ಒಮ್ಮೆಲೇ ಇಲ್ಲವಾಯಿತು. 2021ರ ಜುಲೈ 2ರಂದು ‘ಬಿಜಿಎಂಐ’ ಎಂಬ ಹೆಸರಿನಲ್ಲಿ ಭಾರತಕ್ಕೇ ಪ್ರತ್ಯೇಕವಾದ ಆವೃತ್ತಿ ಬಂತು, ಹಳೆಯ ಖಾತೆಯ ಸಾಮಾನುಗಳನ್ನು ಅಲ್ಲಿಗೆ ಸಾಗಿಸಿಕೊಳ್ಳುವ ಅವಕಾಶವನ್ನೂ ಕಂಪನಿ ಕೊಟ್ಟಿತು. 2022ರ ಜುಲೈ 28ರಂದು ಅದೂ ಅಂಗಡಿಗಳಿಂದ ಮರೆಯಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಇಲ್ಲಿ ತಡೆ ಹಾಕಿದ್ದು ಸರ್ಕಾರ, ಕಂಪನಿಯಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು. ಆದರೆ ಸಾಮಾನು ಸಾಗಿಸಿದ ಪ್ರಸಂಗ ಮಾತ್ರ ಗಮನಾರ್ಹ. ಆಟಗಾರ ಮರಳಿ ಬರುವುದು ತನಗೆ ಲಾಭವೆನಿಸಿದಾಗ, ಕೊಂಡದ್ದನ್ನು ಉಳಿಸಿಕೊಡುವ ತಂತ್ರಜ್ಞಾನ ಕಂಪನಿಗೆ ತಕ್ಷಣ ಒದಗಿ ಬರುತ್ತದೆ.

ಕಂಪನಿಗಳ ಪಕ್ಷವನ್ನೂ ಹೇಳಬೇಕು, ಏಕೆಂದರೆ ಅದು ಪೂರ್ತಿ ಪೊಳ್ಳಲ್ಲ. ಸರ್ವರ್ ನಡೆಸಲು ತಿಂಗಳು ತಿಂಗಳು ಖರ್ಚಿದೆ. ಆಡುವವರು ಬೆರಳೆಣಿಕೆಗೆ ಇಳಿದ ಮೇಲೆ ಶಾಶ್ವತವಾಗಿ ನಡೆಸಿ ಎನ್ನುವುದು ನ್ಯಾಯವಲ್ಲ. ‘ದಿ ಕ್ರೂ’ನಂತಹ ಆಟದಲ್ಲಿ ನಿಜವಾದ ಕಾರು ಕಂಪನಿಗಳ ಹೆಸರು ಮತ್ತು ಹಾಡುಗಳು ಇರುವುದರಿಂದ ಅವುಗಳ ಪರವಾನಗಿಯ ಅವಧಿಯೂ ಮುಗಿಯುತ್ತದೆ. ಯೂರೋಪಿನ ತಯಾರಕರ ಸಂಘಟನೆ 2025ರಲ್ಲಿ ಮುಂದಿಟ್ಟ ವಾದವೂ ಇದೇ ಜಾಡಿನದು: ಆಟಗಾರರೇ ಖಾಸಗಿ ಸರ್ವರ್ ನಡೆಸಿದರೆ ಅವರ ಮಾಹಿತಿಯ ರಕ್ಷಣೆ, ಕಾನೂನುಬಾಹಿರ ವಿಷಯಗಳ ತಡೆ ಯಾರ ಕೈಯಲ್ಲೂ ಇರುವುದಿಲ್ಲ, ಹಕ್ಕುದಾರರು ಹೊಣೆಗೆ ಸಿಲುಕುತ್ತಾರೆ, ಆಟ ತಯಾರಿಸುವ ಖರ್ಚೂ ಏರುತ್ತದೆ. ಲಕ್ಷಾಂತರ ಜನ ಒಂದೇ ಲೋಕದಲ್ಲಿ ಬದುಕುವಂತೆ ಮೊದಲಿನಿಂದಲೂ ಕಟ್ಟಿದ, ತಿಂಗಳ ಚಂದಾ ವಸೂಲು ಮಾಡುವ ಆಟಗಳ ವಿಷಯದಲ್ಲಿ ನಾನು ಇದನ್ನು ಒಪ್ಪುತ್ತೇನೆ. ಅಲ್ಲಿ ಆಟಗಾರನಿಗೆ ತಾನು ಏನಕ್ಕೆ ಹಣ ಕೊಡುತ್ತಿದ್ದೇನೆಂದು ಗೊತ್ತಿರುತ್ತದೆ.

ಆದರೆ ಶಾಶ್ವತವಾಗಿ ಸರ್ವರ್ ನಡೆಸಿ ಎಂದು ಕೇಳಿದವರು ಯಾರು? ‘ದಿ ಕ್ರೂ’ ಮುಚ್ಚಿದ ಬೆನ್ನಿಗೆ, 2024ರ ಏಪ್ರಿಲ್‌ನಲ್ಲಿ, ಯೂಟ್ಯೂಬ್‌ನಲ್ಲಿ ಆಟಗಳ ಬಗ್ಗೆ ವಿಡಿಯೋ ಮಾಡುವ ರಾಸ್ ಸ್ಕಾಟ್ ಎಂಬುವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯನ್ನು ಆರಂಭಿಸಿದರು. ಅವರ ಬೇಡಿಕೆ ಸರಳ: ಸರ್ವರ್ ನಿಲ್ಲಿಸುವಾಗ, ಆಟವು ಕಂಪನಿಯ ನೆರವಿಲ್ಲದೆ ಹೇಗಾದರೂ ನಡೆಯುವ ಸ್ಥಿತಿಯಲ್ಲಿ ಬಿಟ್ಟು ಹೋಗಿ. ಯೂರೋಪಿನ ನಾಗರಿಕರ ಮನವಿಯೊಂದು ಇದೇ ಬೇಡಿಕೆಯೊಡನೆ 2025ರ ಜುಲೈ ಮೊದಲ ವಾರದಲ್ಲಿ ಹತ್ತು ಲಕ್ಷ ಸಹಿಯನ್ನು ದಾಟಿತು. ಇದು ಆಗುವ ಮಾತೇ ಎಂದು ಕೇಳುವವರಿಗೆ, ಆಗಿಹೋದ ಉದಾಹರಣೆಗಳೇ ಇವೆ. ‘ನಾಕ್‌ಔಟ್ ಸಿಟಿ’ 2023ರಲ್ಲಿ ತನ್ನ ಸರ್ವರ್ ಮುಚ್ಚುವಾಗ ಆಟಗಾರರೇ ನಡೆಸಿಕೊಳ್ಳಬಹುದಾದ ಆವೃತ್ತಿಯನ್ನು ಬಿಟ್ಟಿತು. ‘ಗ್ರಾನ್ ಟುರಿಸ್ಮೊ ಸ್ಪೋರ್ಟ್’ 2024ರ ಜನವರಿಯಲ್ಲಿ ಆನ್‌ಲೈನ್ ಸೇವೆ ನಿಲ್ಲಿಸುವ ಮುನ್ನ ಒಬ್ಬರೇ ಆಡುವ ಭಾಗಗಳನ್ನು ಆಫ್‌ಲೈನ್‌ಗೆ ತಂದಿತು. ಅದರಲ್ಲೂ ನಿಜವಾದ ಕಾರು ಕಂಪನಿಗಳ ಹೆಸರುಗಳೇ ತುಂಬಿವೆ. ಎಲ್ಲಕ್ಕಿಂತ ಮಿಗಿಲಾಗಿ, ಯೂಬಿಸಾಫ್ಟ್ ತಾನೇ ‘ದಿ ಕ್ರೂ 2’ಕ್ಕೆ ಆಫ್‌ಲೈನ್ ವ್ಯವಸ್ಥೆ ತರುವುದಾಗಿ 2024ರಲ್ಲಿ ಘೋಷಿಸಿ, ಮರು ವರ್ಷ ಕೊಟ್ಟಿತು. ಮೊದಲ ಭಾಗಕ್ಕೆ ಆಗದ್ದು ಎರಡನೆಯದಕ್ಕೆ ಹೇಗಾಯಿತು? ನಡುವೆ ಬದಲಾದದ್ದು ಗದ್ದಲದ ಪ್ರಮಾಣ ಮಾತ್ರ. ಹಣ ಹಿಂದಿರುಗಿಸಿದ ಉದಾಹರಣೆಯೂ ಇದೆ: 2024ರ ಆಗಸ್ಟ್ 23ರಂದು ಬಿಡುಗಡೆಯಾದ ಸೋನಿಯ ‘ಕಾನ್ಕಾರ್ಡ್’ ಆಡುವವರಿಲ್ಲದೆ ಸೆಪ್ಟೆಂಬರ್ 6ಕ್ಕೆ ನಿಂತಾಗ, ಕೊಂಡವರಿಗೆಲ್ಲ ಪೂರ್ತಿ ಹಣ ವಾಪಸಾಯಿತು. ಅದನ್ನು ಕಟ್ಟಿದ ಸ್ಟುಡಿಯೊವನ್ನು ಮುಂದಿನ ತಿಂಗಳೇ ಮುಚ್ಚಲಾಯಿತು. ಉದ್ಯಮದಲ್ಲಿ ನಡೆಯುತ್ತಿರುವ ಕೆಲಸಗಾರರ ವಜಾ ಬೇರೆಯೇ ಬರಹ ಬೇಡುವ ವಿಷಯ. ಆದರೆ ಆಟವನ್ನು ಬಲ್ಲವರೇ ಮನೆಗೆ ಹೋದ ಮೇಲೆ ಅದನ್ನು ಆಫ್‌ಲೈನ್‌ಗೆ ತರುವವರೂ ಇರುವುದಿಲ್ಲ ಎಂಬುದನ್ನಾದರೂ ಇಲ್ಲಿ ಹೇಳಬೇಕು. ಆ ಕೆಲಸವನ್ನು ಕೊನೆಯ ದಿನಕ್ಕೆ ಉಳಿಸದೆ ಮೊದಲೇ ಯೋಜಿಸಬೇಕೆನ್ನುವುದು ಅದಕ್ಕೇ.

ಭಾರತದಲ್ಲಿ ಈ ಚರ್ಚೆ ಹುಟ್ಟಿಯೇ ಇಲ್ಲ. ಗೇಮ್ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಬರುವುದು ಮಕ್ಕಳ ಗೀಳಿನ ಸುದ್ದಿಯಲ್ಲಿ, ಇಲ್ಲವೇ ರಮ್ಮಿಯಲ್ಲಿ ಹಣ ಕಳೆದುಕೊಂಡವರ ಸುದ್ದಿಯಲ್ಲಿ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಹಣ ಹೂಡಿ ಆಡುವ ಆಟಗಳನ್ನು ನಿಷೇಧಿಸಿ, ವಿಡಿಯೋ ಗೇಮ್‌ಗಳ ಸ್ಪರ್ಧೆಯಾದ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ರಮ್ಮಿಯಿಂದ ಹಾಳಾದ ಮನೆಗಳನ್ನು ಈ ಜಿಲ್ಲೆಗಳಲ್ಲೂ ಕಂಡಿದ್ದೇವೆ, ಆದ್ದರಿಂದ ಅದರ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಂಗಡಿಯಲ್ಲಿ ಹಣ ಕೊಟ್ಟು ಆಟ ಕೊಂಡ ಸಾಮಾನ್ಯ ಗ್ರಾಹಕ ಆ ಚರ್ಚೆಯಲ್ಲಿ ಎಲ್ಲಿಯೂ ಕಾಣಿಸಲಿಲ್ಲ.

ಅವನಿಗೆ ನೆರವಾಗಬಹುದಾದ ಕಾನೂನು ಹಾಗೆ ನೋಡಿದರೆ ಈಗಾಗಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನ್ಯಾಯದ ಕರಾರು ಯಾವುದೆಂದು ವಿವರಿಸುವಾಗ, ಸೂಕ್ತ ಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರನ್ನು ಕೊನೆಗೊಳಿಸುವ ಅಧಿಕಾರವನ್ನು ಒಬ್ಬರಿಗೇ ಕೊಡುವ ಷರತ್ತನ್ನೂ ಹೆಸರಿಸುತ್ತದೆ. ಆಟಗಳ ಪರವಾನಗಿ ಒಪ್ಪಂದಕ್ಕೆ ಇದಕ್ಕಿಂತ ಹತ್ತಿರದ ವರ್ಣನೆ ಸಿಗಲಾರದು. ತೊಡಕಿರುವುದು ಮುಂದೆ. ಅನ್ಯಾಯದ ಕರಾರಿನ ದೂರುಗಳನ್ನು ಆಲಿಸುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ, ಜಿಲ್ಲಾ ಆಯೋಗಕ್ಕಲ್ಲ. ಅಂದರೆ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಗ್ರಾಹಕರ ಆಯೋಗವಿದ್ದರೂ, ಒಪ್ಪಂದವೇ ಅನ್ಯಾಯವೆಂದು ವಾದಿಸುವವನು ಬೆಂಗಳೂರಿನ ಆಯೋಗದ ಮುಂದೆ ಹೋಗಬೇಕು. ಸೇಲ್‌ನಲ್ಲಿ ಕೆಲವು ನೂರು ರೂಪಾಯಿಗೆ ಕೊಂಡ ಆಟಕ್ಕಾಗಿ ಯಾರು ಅಷ್ಟು ದೂರ ಹೋಗುತ್ತಾರೆ? 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಆನ್‌ಲೈನ್ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಕುತಂತ್ರಗಳ ಪಟ್ಟಿಯಿದೆ. ಸುಳ್ಳು ತುರ್ತು ಸೃಷ್ಟಿಸುವುದು, ಚಂದಾ ಬಲೆ ಹೆಣೆಯುವುದು ಅದರಲ್ಲಿವೆ. ಎಂದು ನಿಲ್ಲುತ್ತದೆಂದು ಹೇಳದೆ ಸರಕನ್ನು ಮಾರುವುದು ಅದರಲ್ಲಿಲ್ಲ. ಸೇರಿಸಬೇಕಾದದ್ದು ಒಂದು ಸಾಲು.

ಆಟ ಎಂಬುದು ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ವಸ್ತುವೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಬೇಲೂರಿನ ಕಲ್ಲಿನ ಮೇಲೆ ಯಾರೋ ಕೆತ್ತಿಟ್ಟದ್ದನ್ನು ಒಂಬತ್ತು ಶತಮಾನ ಕಳೆದರೂ ನೋಡಲು ಹೋಗುವ ಊರಿನವರು ನಾವು, ಕೆಲಸಗಾರರ ದುಡಿಮೆ ಉಳಿಯಬೇಕೆನ್ನುವುದು ನಮಗೆ ವಿಚಿತ್ರವಾಗಿ ಕೇಳಬಾರದು. ಅಮೆರಿಕದಲ್ಲಿ 2010ಕ್ಕೂ ಮೊದಲು ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಅವು ಸರ್ವರ್ ಬೇಡದ ಕಾಲದ ಆಟಗಳು. ಹಳೆಯ ಡಿಸ್ಕೋ ಕಾರ್ಟ್ರಿಜ್ಜೋ ಎಲ್ಲಾದರೂ ಸಿಕ್ಕರೆ ಇನ್ನೂ ನಡೆಯುತ್ತವೆ. ಸರ್ವರ್ ನಂಬಿದ ಈಗಿನವುಗಳಿಗೆ ಆ ಅದೃಷ್ಟವೂ ಇಲ್ಲ.

ಹೀಗಾಗಿ ನನ್ನ ಹಣ ಈಗ ಹೆಚ್ಚಾಗಿ ಹೋಗುವುದು ನೆಟ್ ಇಲ್ಲದೆಯೂ ನಡೆಯುವ ಆಟಗಳಿಗೆ. 2016ರಲ್ಲಿ ಎರಿಕ್ ಬರೋನ್ ಎಂಬ ಒಬ್ಬರೇ ಮಾಡಿ ಬಿಡುಗಡೆ ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ ಅಂಥದು. ಅದಕ್ಕೆ ಆಮೇಲೆ ಬಂದ ದೊಡ್ಡ ಸೇರ್ಪಡೆಗಳೆಲ್ಲ ಉಚಿತವಾಗಿ ಬಂದವು. ಜಿಒಜಿಯಲ್ಲಿ ಸಿಗುವುದನ್ನು ಅಲ್ಲಿಯೇ ಕೊಂಡು, ಇನ್‌ಸ್ಟಾಲರ್ ಇಳಿಸಿ, ಹಾರ್ಡ್ ಡಿಸ್ಕ್‌ನಲ್ಲಿ ಇಡುತ್ತೇನೆ. ಆದರೆ ಇದೇ ದಾರಿಯನ್ನು ಎಲ್ಲರೂ ಹಿಡಿಯಲಿ ಎನ್ನಲಾರೆ. ಬೇಲೂರಿನಲ್ಲಿರುವ ನನ್ನ ಅಕ್ಕನ ಮಗ ಇತ್ತೀಚೆಗೆ ಒಂದು ಕಾರು ಓಟದ ಆಟವನ್ನು ಸೇಲ್‌ನಲ್ಲಿ ಕೊಳ್ಳಲು ಹೊರಟ. ಸದಾ ಆನ್‌ಲೈನ್ ಬೇಡುವ ಆಟವೇ. ಬೇಡವೆಂದು ನಾನು ಹೇಳಲಿಲ್ಲ, ಏಕೆಂದರೆ ಅವನ ಗೆಳೆಯರೆಲ್ಲ ಅದರಲ್ಲಿದ್ದಾರೆ, ಅವನು ಹಣ ಕೊಡುತ್ತಿದ್ದುದು ಅವರ ಜೊತೆಗಾಗಿ. “ಇದು ಎಷ್ಟು ವರ್ಷ ಇರುತ್ತೆ ಮಾಮ?” ಎಂದು ಮಾತ್ರ ಕೇಳಿದ. ಇಬ್ಬರೂ ಕುಳಿತು ಅಂಗಡಿಯ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆವು. ಎಷ್ಟು ರ್‍ಯಾಮ್ ಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು, ಡಿಸ್ಕ್‌ನಲ್ಲಿ ಎಷ್ಟು ಜಾಗ ಬೇಕು, ಯಾವ ಯಾವ ಭಾಷೆಗಳಲ್ಲಿದೆ, ಎಷ್ಟು ವಯಸ್ಸಿನವರಿಗೆ ತಕ್ಕದ್ದು, ರಿಯಾಯಿತಿ ಯಾವ ತಾರೀಖಿಗೆ ಮುಗಿಯುತ್ತದೆ ಎಂಬುದೆಲ್ಲ ಇತ್ತು. ಆಟ ಯಾವ ತಾರೀಖಿಗೆ ಮುಗಿಯುತ್ತದೆಂದು ಇರಲಿಲ್ಲ.